ಕೂಲಿ ಮಾಡುವ ಮಹಿಳೆಯರಿಗೆ ವ್ಯಾಪಾರದ ತರಬೇತಿ: ಅನುದಾನವನ್ನು ಎಲ್ಲಿ ಕೇಳಬೇಕು, ಯಾವ ಖರ್ಚಿಗೆ ಕೇಳಬೇಕು?

ಪ್ರಶ್ನೆ
ಬರೆದವರು: ಬ್ಯಾಡಗಿಯ ಟ್ರಸ್ಟಿ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಸಾರ್ವಜನಿಕ ಟ್ರಸ್ಟ್ ನಡೆಸುತ್ತಿದ್ದೇವೆ. ಈವರೆಗೆ ನಮ್ಮ ಕೆಲಸವೆಲ್ಲ ಶಾಲಾ ಮಕ್ಕಳ ಸಂಜೆ ಪಾಠಕ್ಕೆ ಸೀಮಿತವಾಗಿತ್ತು. ಆ ಮಕ್ಕಳ ತಾಯಂದಿರಲ್ಲಿ ಹೆಚ್ಚಿನವರು ಮೆಣಸಿನಕಾಯಿ ಹಂಗಾಮಿನಲ್ಲಿ ವರ್ತಕರ ಅಂಗಳದಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಹಂಗಾಮು ಮುಗಿದ ಮೇಲೆ ಹೊಲದ ಕೆಲಸ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

ಕಳೆದ ವರ್ಷದಿಂದ ಇವರಲ್ಲಿ ಕೆಲವರು ತಾವೇ ಏನಾದರೂ ಸಣ್ಣ ವ್ಯಾಪಾರ ಮಾಡಬೇಕೆಂದು ಕೇಳುತ್ತಿದ್ದಾರೆ. ಖಾರದ ಪುಡಿ, ಸಾಂಬಾರ ಪುಡಿ ಮಾಡುವ ಆಸೆ ಹಲವರಿಗಿದೆ. ಇಬ್ಬರು ಈಗಾಗಲೇ ಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ ಎರಡು ಖಾನಾವಳಿಗಳಿಗೆ ಕೊಡುತ್ತಿದ್ದಾರೆ. ಒಬ್ಬರಿಗೆ ಹೊಲಿಗೆ ಬರುತ್ತದೆ, ಆದರೆ ಸ್ವಂತ ಯಂತ್ರವಿಲ್ಲ. ಎಲ್ಲರ ಬಳಿಯೂ ಬಿಪಿಎಲ್ ಪಡಿತರ ಚೀಟಿ ಇದೆ. ಅರ್ಧದಷ್ಟು ಜನ ಸ್ವಸಹಾಯ ಸಂಘಗಳ ಸದಸ್ಯರು. ಕೆಲವರು ಪುರಸಭೆಯ ವ್ಯಾಪ್ತಿಯಲ್ಲಿದ್ದರೆ ಉಳಿದವರು ಸುತ್ತಲಿನ ಹಳ್ಳಿಗಳವರು.

ನಮ್ಮ ಟ್ರಸ್ಟಿನ ಸಭೆಯಲ್ಲಿ ಒಂದು ತಿಂಗಳ ತರಬೇತಿ ನಡೆಸುವುದೆಂದು ಮಾತಾಗಿದೆ. ಸಭಾಂಗಣದ ಬಾಡಿಗೆ, ತರಬೇತುದಾರರ ಸಂಭಾವನೆ, ಹೊಲಿಗೆ ಯಂತ್ರಗಳು, ಒಂದು ಪುಡಿ ಮಾಡುವ ಯಂತ್ರ, ಸಮಾರೋಪ ಸಮಾರಂಭ ಎಂದು ಅಂದಾಜು ಪಟ್ಟಿಯನ್ನೂ ತಯಾರಿಸಿದ್ದೇವೆ. ನಮ್ಮಲ್ಲಿ ತೆರಿಗೆ ವಿನಾಯಿತಿಗೆ ಬೇಕಾದ 12ಎ ಮತ್ತು 80ಜಿ ನೋಂದಣಿಗಳಿವೆ. ವಿದೇಶಿ ದೇಣಿಗೆಯ ಅನುಮತಿ ಇಲ್ಲ. ಇಂಥ ತರಬೇತಿಗೆ ಸರ್ಕಾರದಿಂದ, ಗ್ರಾಮೀಣಾಭಿವೃದ್ಧಿಯ ಬ್ಯಾಂಕ್ ಆದ ನಬಾರ್ಡ್‌ನಿಂದ ಅಥವಾ ಕಂಪನಿಗಳು ಸಾಮಾಜಿಕ ಕೆಲಸಕ್ಕೆ ಇಡುವ ಸಿಎಸ್‌ಆರ್ ನಿಧಿಯಿಂದ ಅನುದಾನ ಪಡೆಯುವ ಸರಿಯಾದ ದಾರಿ ಯಾವುದು? ನಮ್ಮಂಥ ಸಣ್ಣ ಸಂಸ್ಥೆ ತಾನೇ ತರಬೇತಿ ನಡೆಸುವುದು ಯೋಗ್ಯವೇ?

ಇನ್ನೊಂದು ಮಾತನ್ನೂ ಹೇಳಬೇಕು. ಈ ವಿಷಯವನ್ನು ಮಹಿಳೆಯರ ಮುಂದೆ ಇಟ್ಟಾಗ ಮೊದಲು ಬಂದ ಪ್ರಶ್ನೆ, "ತರಬೇತಿಗೆ ಬಂದು ಕುಳಿತರೆ ಅಂದಿನ ಕೂಲಿ ಯಾರು ಕೊಡತಾರ್ರೀ?" ಎಂಬುದಾಗಿತ್ತು. ಅದಕ್ಕೆ ನಮ್ಮ ಅಂದಾಜು ಪಟ್ಟಿಯಲ್ಲಿ ಉತ್ತರವಿಲ್ಲ. ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ 1
ಬರೆದವರು: ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಮಾನ್ಯರೇ, ಸಭಾಂಗಣ, ಯಂತ್ರ, ತರಬೇತುದಾರರ ಸಂಭಾವನೆ ಈ ಮೂರಕ್ಕೆ ಅನುದಾನ ಹುಡುಕುವುದನ್ನು ಮೊದಲು ಕೈಬಿಡಿ. ಆ ಖರ್ಚನ್ನು ಸರ್ಕಾರ ನಿಮ್ಮ ಜಿಲ್ಲೆಯಲ್ಲಿ ಈಗಾಗಲೇ ಭರಿಸುತ್ತಿದೆ. ನಾನು ಕೆಲವು ವರ್ಷ ಒಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯ, ಅಂದರೆ ನಾವು ಆರ್‌ಸೆಟಿ ಎಂದು ಕರೆಯುವ ಸಂಸ್ಥೆಯ, ನಿರ್ದೇಶಕನಾಗಿ ಕೆಲಸ ಮಾಡಿದವನಾದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ಈ ಮಾದರಿ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಟ್ರಸ್ಟ್, ಅಂದಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ನಿರುದ್ಯೋಗಿ ಯುವಕ ಯುವತಿಯರನ್ನು ವಸತಿಸಹಿತವಾಗಿ ಕೆಲವೇ ವಾರ ಇರಿಸಿಕೊಂಡು ಕಸುಬಿನ ಜೊತೆಗೆ ವ್ಯಾಪಾರದ ಲೆಕ್ಕಾಚಾರವನ್ನೂ ಕಲಿಸಿ, ಆಮೇಲೆ ಎರಡು ವರ್ಷ ಅವರ ಬೆನ್ನ ಹಿಂದೆ ನಿಲ್ಲುವುದು ಅದರ ಕ್ರಮವಾಗಿತ್ತು. ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಿಂದ ಪ್ರತಿ ಜಿಲ್ಲೆಗೊಂದು ಆರ್‌ಸೆಟಿ ಸ್ಥಾಪಿಸಲು ಬ್ಯಾಂಕುಗಳಿಗೆ ಹೇಳಿತು. ಇಂದು ದೇಶದಾದ್ಯಂತ ಇಂಥ 580ಕ್ಕೂ ಹೆಚ್ಚು ಸಂಸ್ಥೆಗಳಿವೆ. ಕಟ್ಟಡಕ್ಕೆ ಸಚಿವಾಲಯ ಅನುದಾನ ಕೊಡುತ್ತದೆ, ದಿನನಿತ್ಯದ ಆಡಳಿತವನ್ನು ಬ್ಯಾಂಕ್ ನೋಡಿಕೊಳ್ಳುತ್ತದೆ. ಗ್ರಾಮೀಣ ಬಡ ಅಭ್ಯರ್ಥಿಗಳ ತರಬೇತಿಯ ವೆಚ್ಚವನ್ನು ಸರ್ಕಾರ ಬ್ಯಾಂಕಿಗೆ ಮರಳಿ ಕೊಡುತ್ತದೆ. ಅಭ್ಯರ್ಥಿಗೆ ತರಬೇತಿ, ಊಟ, ವಸತಿ ಎಲ್ಲವೂ ಉಚಿತ.

ಆದ್ದರಿಂದ ತಾವು ಮಾಡಬೇಕಾದ ಮೊದಲ ಕೆಲಸವೆಂದರೆ, ಆಸಕ್ತ ಮಹಿಳೆಯರ ಹೆಸರು, ವಯಸ್ಸು, ಊರು ಮತ್ತು ಯಾವ ಕಸುಬು ಬೇಕೆಂಬುದನ್ನು ಬರೆದ ಪಟ್ಟಿಯೊಂದಿಗೆ ಜಿಲ್ಲೆಯ ಆರ್‌ಸೆಟಿ ನಿರ್ದೇಶಕರನ್ನು ಕಾಣುವುದು. ಮಕ್ಕಳನ್ನು ಬಿಟ್ಟು ವಸತಿ ತರಬೇತಿಗೆ ಬರಲು ತಾಯಂದಿರಿಗೆ ಕಷ್ಟವಾಗುತ್ತದೆಂದು ವಿವರಿಸಿದರೆ, ಒಂದೇ ಕಸುಬಿಗೆ ಒಂದು ತಂಡವಾಗುವಷ್ಟು ಜನರಿರುವಲ್ಲಿ ಊರಿಗೇ ಬಂದು ತರಬೇತಿ ನಡೆಸುವ ಅವಕಾಶವೂ ಅವರಿಗಿದೆ. ಆಗ ತಮ್ಮ ಸಂಜೆ ಪಾಠದ ಕೊಠಡಿ ಸಾಕು.

ಇನ್ನು ತರಬೇತಿಯ ನಂತರದ ಮಾತು. ನಮ್ಮ ಸಂಸ್ಥೆಯಲ್ಲಿ ತರಬೇತಿ ಪಡೆದವರಲ್ಲಿ ಎಷ್ಟು ಮಂದಿ ನೆಲೆ ನಿಂತರು ಎಂಬುದನ್ನು ಲೆಕ್ಕವಿಡಲೇಬೇಕಿತ್ತು, ಹಾಗಾಗಿ ಕೈಬಿಟ್ಟವರ ಮನೆಗೂ ಹೋಗುತ್ತಿದ್ದೆವು. ಕಸುಬು ಬಾರದೆ ಬಿಟ್ಟವರು ಬಹಳ ಕಡಿಮೆ. ಬ್ಯಾಂಕಿನ ಸಾಲದ ಮೇಜಿನ ಮುಂದೆ ಮೂರನೆಯ ಸಲ ಹೋಗಿ ಬರುವಷ್ಟರಲ್ಲಿ ಆಸೆ ಬಿಟ್ಟವರೇ ಜಾಸ್ತಿ. ಅರ್ಜಿ ತಿರಸ್ಕೃತವಾಗುವ ಕಾರಣಗಳು ಸಾಮಾನ್ಯವಾಗಿ ತೀರಾ ಚಿಕ್ಕವು: ಆಧಾರ್‌ನಲ್ಲಿರುವ ಹೆಸರಿಗೂ ಪಾಸ್‌ಬುಕ್‌ನಲ್ಲಿರುವ ಹೆಸರಿಗೂ ಒಂದಕ್ಷರದ ವ್ಯತ್ಯಾಸ, ಜಿಎಸ್‌ಟಿ ಸಂಖ್ಯೆಯಿಲ್ಲದ ಕೋಟೇಶನ್, ಮೈಕ್ರೋಫೈನಾನ್ಸ್ ಸಂಸ್ಥೆಯೊಂದರ ಹಳೆಯ ಕಂತು ಬಾಕಿಯಿದ್ದು ಸಿಬಿಲ್ ಅಂಕ (ಸಾಲ ತೀರಿಸಿದ ದಾಖಲೆಯ ಅಂಕ) ಬಿದ್ದಿರುವುದು, ಅಂಗಡಿಯ ಜಾಗ ಮಾವನ ಹೆಸರಿನಲ್ಲಿದ್ದು ಒಪ್ಪಿಗೆ ಪತ್ರ ಇಲ್ಲದಿರುವುದು. ಒಬ್ಬ ತಿಳಿದ ವ್ಯಕ್ತಿ ಜೊತೆಗಿದ್ದರೆ ಇವೆಲ್ಲ ಒಂದೆರಡು ವಾರಗಳಲ್ಲಿ ಸರಿಯಾಗುವ ಸಂಗತಿಗಳು. ಆ ವ್ಯಕ್ತಿಯ ಸಂಬಳಕ್ಕೆ ಅನುದಾನ ಕೇಳಿ ಎಂಬುದೇ ನನ್ನ ಸಲಹೆ.

ಸಾಲ ಮತ್ತು ಸಹಾಯಧನದ ಲೆಕ್ಕವನ್ನೂ ಮಹಿಳೆಯರಿಗೆ ಮೊದಲೇ ಬಿಡಿಸಿ ಹೇಳಬೇಕು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿಯಲ್ಲಿ, ಮಹಿಳೆಯರಿಗೆ ಗ್ರಾಮೀಣ ಪ್ರದೇಶದಲ್ಲಿ ಯೋಜನಾ ವೆಚ್ಚದ ಶೇಕಡಾ 35ರಷ್ಟು, ನಗರ ಪ್ರದೇಶದಲ್ಲಿ ಶೇಕಡಾ 25ರಷ್ಟು ಸಹಾಯಧನವಿದೆ. ಸ್ವಂತ ಪಾಲು ಶೇಕಡಾ 5 ಮಾತ್ರ. ಪಂಚಾಯಿತಿ ವ್ಯಾಪ್ತಿಯಾದರೆ ಗ್ರಾಮೀಣ, ಪುರಸಭೆಯಾದರೆ ನಗರ ಎಂದು ತಿಳಿಯಿರಿ. ತಮ್ಮ ಪಟ್ಟಿಯನ್ನು ಹಾಗೆ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಹಳ್ಳಿಯ ಮಹಿಳೆಯೊಬ್ಬರು 4 ಲಕ್ಷ ರೂಪಾಯಿಯ ಪುಡಿ ಘಟಕ ಹಾಕುತ್ತಾರೆಂದರೆ ಅವರು ತರಬೇಕಾದದ್ದು 20,000, ಸಹಾಯಧನ 1,40,000, ನಿಜವಾಗಿ ತೀರಿಸಬೇಕಾದ ಸಾಲ 2,40,000. ಆದರೆ ಸಹಾಯಧನವು ಕೈಗೆ ಬರುವ ಹಣವಲ್ಲ. ಅದು ಅವರ ಹೆಸರಿನಲ್ಲಿ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಇರುತ್ತದೆ, ಅಷ್ಟು ಭಾಗದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ, ಘಟಕ ನಡೆಯುತ್ತಿದೆಯೆಂದು ಸ್ಥಳಕ್ಕೆ ಬಂದು ಪರಿಶೀಲಿಸಿದ ನಂತರವೇ ಸಾಲಕ್ಕೆ ಹೊಂದಿಸುತ್ತಾರೆ. "ಸಬ್ಸಿಡಿ ಬರತೈತಿ, ತಗೊಂಡು ಬಿಡೋಣ" ಎಂದು ಬಂದವರು ಈ ಮೂರು ವರ್ಷದ ಮಾತು ಕೇಳಿ ತಣ್ಣಗಾಗುವುದನ್ನು ನೋಡಿದ್ದೇನೆ. ಯೋಜನೆಯ ಅವಧಿ 2025-26ರವರೆಗೆ ನಿಗದಿಯಾಗಿದ್ದದ್ದರಿಂದ ಅರ್ಜಿಗೆ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮುಂದುವರಿಕೆಯ ಬಗ್ಗೆ ಕೇಳಿಕೊಳ್ಳಿ.

ಇದಕ್ಕಿಂತ ಸಣ್ಣ ಬಂಡವಾಳ ಸಾಕೆನ್ನುವವರಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ. ಅದರಲ್ಲಿ 1 ಲಕ್ಷದಿಂದ 3 ಲಕ್ಷದವರೆಗಿನ ಸಾಲಕ್ಕೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅರ್ಧದಷ್ಟು, ಇತರರಿಗೆ ಶೇಕಡಾ 30ರಂತೆ ಗರಿಷ್ಠ 90,000 ರೂಪಾಯಿ ಸಹಾಯಧನ ದೊರೆಯುತ್ತದೆ. ಸಾಲ ಬಿಡುಗಡೆಗೆ ಮುನ್ನ ಕೆಲವು ದಿನಗಳ ಉದ್ಯಮಶೀಲತಾ ತರಬೇತಿಯೂ ಉಂಟು. ಆಯ್ಕೆ ಗುರಿಗೆ ತಕ್ಕಷ್ಟೇ ನಡೆಯುವುದರಿಂದ ಎಲ್ಲರಿಗೂ ಸಿಕ್ಕೇ ಸಿಗುತ್ತದೆಂದು ಭರವಸೆ ಕೊಡಬೇಡಿ.

ಉತ್ತರ 2
ಬರೆದವರು: ಸಿಎಸ್‌ಆರ್ ಯೋಜನೆಗಳ ನಿರ್ವಾಹಕಿ, ಬೆಂಗಳೂರು

ಹಿರಿಯರು ಬರೆದದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಹಣ ಕೊಡುವವರ ಕಡೆ ಕುಳಿತು ಪ್ರಸ್ತಾವನೆಗಳನ್ನು ಓದುವವಳು. ನಮ್ಮ ಮೇಜಿಗೆ ಬರುವ ತರಬೇತಿ ಪ್ರಸ್ತಾವನೆಗಳಲ್ಲಿ ಬಹುಪಾಲು ನಿಮ್ಮ ಅಂದಾಜು ಪಟ್ಟಿಯಂತೆಯೇ ಇರುತ್ತವೆ: ಹೊಲಿಗೆ ಯಂತ್ರ, ಸಭಾಂಗಣ, ಪ್ರಮಾಣಪತ್ರ ವಿತರಣೆ. ಕಂಪನಿಗಳಿಗೂ ಅದು ಹಿತವೆನಿಸುತ್ತದೆ, ಏಕೆಂದರೆ ಸಾಲಾಗಿ ಇಟ್ಟ ಯಂತ್ರಗಳ ಛಾಯಾಚಿತ್ರ ವಾರ್ಷಿಕ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ವರ್ಷದ ನಂತರ ಆ ಯಂತ್ರಗಳು ಏನಾದವೆಂದು ಯಾರೂ ಬರೆಯುವುದಿಲ್ಲ.

ಕಾನೂನಿನ ಕಡೆಯಿಂದ ನಿಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ವೃತ್ತಿಕೌಶಲ ಮತ್ತು ಜೀವನೋಪಾಯ ವೃದ್ಧಿಯ ಯೋಜನೆಗಳು ಸ್ಪಷ್ಟವಾಗಿ ಸೇರಿವೆ. ಆದರೆ ನಿಮ್ಮ ಕಡೆಯಿಂದ ಆಗಬೇಕಾದ ಎರಡು ಕೆಲಸಗಳಿವೆ. 2021ರ ಏಪ್ರಿಲ್ 1ರಿಂದ, ಸಿಎಸ್‌ಆರ್ ಹಣ ಪಡೆದು ಕೆಲಸ ಮಾಡುವ ಸಂಸ್ಥೆಯು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. ಅದರ ಜೊತೆಗೆ, ಕಂಪನಿಯೇ ಸ್ಥಾಪಿಸದ ಸಂಸ್ಥೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಬೇಕು.

ನಿಮಗೆ ತೊಡಕಾಗಬಹುದಾದದ್ದು ಈ ಎರಡನೆಯದು. ಮಕ್ಕಳ ಸಂಜೆ ಪಾಠದ ಅನುಭವವನ್ನು ಉದ್ಯಮ ತರಬೇತಿಯ ಅನುಭವವೆಂದು ಲೆಕ್ಕಪರಿಶೋಧಕರು ಒಪ್ಪುವುದು ಕಷ್ಟ. ಹಾಗಾಗಿ ಮೊದಲ ಹಂತದಲ್ಲಿ ನೀವು ಒಬ್ಬರೇ ಅರ್ಜಿ ಹಾಕುವುದಕ್ಕಿಂತ, ಜೀವನೋಪಾಯದ ಕೆಲಸದಲ್ಲಿ ಹಳಬರಾದ ಧಾರವಾಡ ಅಥವಾ ಹಾವೇರಿ ಕಡೆಯ ಸಂಸ್ಥೆಯೊಂದರ ಸ್ಥಳೀಯ ಪಾಲುದಾರರಾಗಿ ಸೇರುವುದು ಜಾಣತನ. ಮಹಿಳೆಯರ ಪರಿಚಯ, ಅವರ ನಂಬಿಕೆ, ಕೊಠಡಿ ನಿಮ್ಮದು. ಅನುಭವ ಮತ್ತು ಲೆಕ್ಕಪತ್ರದ ಹೊಣೆ ಅವರದು. ಮೂರು ವರ್ಷದ ನಂತರ ನಿಮ್ಮದೇ ದಾಖಲೆ ಇರುತ್ತದೆ.

ಸಂಬಳಕ್ಕೆ ಸಿಎಸ್‌ಆರ್ ಹಣ ಕೊಡುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಶೇಕಡಾ 5ರ ಮಿತಿ ಇರುವುದು ಕಂಪನಿಯು ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ. ಒಂದು ಯೋಜನೆಯ ಜಾರಿ, ಮೇಲ್ವಿಚಾರಣೆ ಮತ್ತು ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ಖರ್ಚು ಆ ಮಿತಿಯೊಳಗೆ ಬರುವುದಿಲ್ಲವೆಂದು ನಿಯಮದಲ್ಲೇ ಇದೆ. ಮನೆಮನೆಗೆ ಹೋಗಿ ಲೆಕ್ಕ ನೋಡುವ, ಬ್ಯಾಂಕಿಗೆ ಜೊತೆಗೆ ಹೋಗುವ ಕ್ಷೇತ್ರ ಕಾರ್ಯಕರ್ತೆಯ ಸಂಬಳ ಯೋಜನೆಯ ಖರ್ಚೇ. ಅದನ್ನು "ಆಡಳಿತ ವೆಚ್ಚ" ಎಂಬ ತಲೆಬರಹದಡಿ ಬರೆದು ನೀವೇ ಕತ್ತರಿಗೆ ಕೊಡಬೇಡಿ; "ತರಬೇತಿ ನಂತರದ ಬೆಂಬಲ" ಎಂದು ಬರೆದು, ಆಕೆ ತಿಂಗಳಿಗೆ ಎಷ್ಟು ಮನೆಗಳಿಗೆ ಹೋಗುತ್ತಾರೆ, ಅಲ್ಲಿ ಏನು ನೋಡುತ್ತಾರೆ ಎಂಬುದನ್ನು ವಿವರಿಸಿ. ವರ್ಷ ಮೀರಿ ನಡೆಯುವ ಕೆಲಸವನ್ನು ಕಂಪನಿಯು "ಮುಂದುವರಿಯುವ ಯೋಜನೆ" ಎಂದು ಘೋಷಿಸಿದರೆ, ಉಳಿದ ಹಣವನ್ನು ಪ್ರತ್ಯೇಕ ಖಾತೆಗೆ ವರ್ಗಾಯಿಸಿ ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಬಳಸುವ ಅವಕಾಶವೂ ಇದೆ. ಎರಡು ವರ್ಷದ ಬೆಂಬಲ ಕೇಳಲು ಇದೇ ಆಧಾರ.

ನಬಾರ್ಡ್ ವಿಷಯದಲ್ಲಿ, ಸ್ವಸಹಾಯ ಸಂಘದ ಸದಸ್ಯೆಯರಿಗಾಗಿಯೇ ಎರಡು ಕಾರ್ಯಕ್ರಮಗಳಿವೆ. 2006ರಿಂದ ನಡೆಯುತ್ತಿರುವ ಕಿರು ಉದ್ಯಮ ಅಭಿವೃದ್ಧಿ ಕಾರ್ಯಕ್ರಮವು ಕೆಲವು ದಿನಗಳ ಕಸುಬು ತರಬೇತಿಗೆ ಹಣ ಕೊಡುತ್ತದೆ. 2015ರ ಕೊನೆಯಲ್ಲಿ ಬಂದ ಜೀವನೋಪಾಯ ಮತ್ತು ಉದ್ಯಮ ಅಭಿವೃದ್ಧಿ ಕಾರ್ಯಕ್ರಮವು ಹತ್ತಿರ ಹತ್ತಿರದ ಹಳ್ಳಿಗಳನ್ನು ಒಂದು ಗುಚ್ಛವಾಗಿ ತೆಗೆದುಕೊಂಡು, ತರಬೇತಿಯ ಜೊತೆಗೆ ಮರುತರಬೇತಿ, ಸಾಲದ ಜೋಡಣೆ ಮತ್ತು ಕೈಹಿಡಿದು ನಡೆಸುವ ಅವಧಿಗೂ ಅನುದಾನ ಒದಗಿಸುತ್ತದೆ. ನಿಮಗೆ ಹೊಂದುವುದು ಎರಡನೆಯದು. ಇದಕ್ಕೆ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನು, ಅಂದರೆ ಡಿಡಿಎಂ ಅವರನ್ನು ಕಾಣಬೇಕು. ಸಂಘದ ಸದಸ್ಯರಲ್ಲದ ಉಳಿದರ್ಧ ಮಹಿಳೆಯರನ್ನು ಈಗಿಂದಲೇ ಸಂಘಗಳಿಗೆ ಸೇರಿಸುವುದು ಇದಕ್ಕಾಗಿಯೇ ಅಗತ್ಯ.

ಸಣ್ಣ ಅನುದಾನವೆಂದು ಹಿಂಜರಿಯಬೇಡಿ. 1987ರಲ್ಲಿ ನಬಾರ್ಡ್ ನಮ್ಮ ರಾಜ್ಯದ ಮೈರಾಡ ಸಂಸ್ಥೆಗೆ ಮಹಿಳೆಯರ ಮತ್ತು ಬಡವರ ಸಣ್ಣ ಸಾಲದ ಗುಂಪುಗಳನ್ನು ಬೆಳೆಸಲು ಕೊಟ್ಟದ್ದು 10 ಲಕ್ಷ ರೂಪಾಯಿ. 1992ರಲ್ಲಿ ದೇಶದಲ್ಲಿ ಆರಂಭವಾದ ಸ್ವಸಹಾಯ ಸಂಘ ಮತ್ತು ಬ್ಯಾಂಕ್ ಜೋಡಣೆಯ ಪ್ರಾಯೋಗಿಕ ಕಾರ್ಯಕ್ರಮಕ್ಕೆ ದಾರಿಯಾದ ಪ್ರಯೋಗಗಳಲ್ಲಿ ಅದೂ ಒಂದು.

ಕೊನೆಯದಾಗಿ ಒಂದು ಎಚ್ಚರಿಕೆ. ಅನುದಾನ ಕೊಡಿಸುತ್ತೇವೆ, ಮುಂಗಡವಾಗಿ ಶೇಕಡಾ ಇಷ್ಟು ಕೊಡಿ ಎಂದು ಕರೆ ಮಾಡುವವರು ನಿಮ್ಮ ಸಿಎಸ್‌ಆರ್ ನೋಂದಣಿಯಾದ ವಾರದಲ್ಲೇ ಹುಟ್ಟಿಕೊಳ್ಳುತ್ತಾರೆ. ಮಾತು ಮುಂದುವರಿಸಬೇಡಿ.

ಉತ್ತರ 3
ಬರೆದವರು: ಮಸಾಲೆ ಪುಡಿ ತಯಾರಕಿ, ರಾಣೆಬೆನ್ನೂರು

ನಾನು ತರಬೇತಿ ಪಡೆದು ವ್ಯಾಪಾರಕ್ಕಿಳಿದವಳು, ಹೀಗಾಗಿ ಕುಳಿತು ಕಲಿತವರ ಕಡೆಯ ಮಾತನ್ನು ಬರೆಯುತ್ತೇನೆ. ಆ ಅಕ್ಕ ಕೇಳಿದ ಕೂಲಿಯ ಪ್ರಶ್ನೆಗೆ ಮೊದಲು ಉತ್ತರ ಹುಡುಕಿರಿ. ಕೇಂದ್ರ ಸರ್ಕಾರವೇ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಗೆ ಬರುವ ಕುಶಲಕರ್ಮಿಗೆ ದಿನಕ್ಕೆ 500 ರೂಪಾಯಿ ಭತ್ಯೆ ಕೊಡುತ್ತದೆ. ಆ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆ ಇದೆ, ಮಸಾಲೆ ಇಲ್ಲ, ರೊಟ್ಟಿಯೂ ಇಲ್ಲ. ಹೊಲಿಗೆ ಬಲ್ಲ ಸಹೋದರಿಯನ್ನು ಅಲ್ಲಿಗೆ ಕಳುಹಿಸಿದರೆ ಭತ್ಯೆಯ ಜೊತೆಗೆ ಉಪಕರಣಕ್ಕೆ 15,000 ರೂಪಾಯಿವರೆಗಿನ ವೋಚರ್ ಕೂಡ ದೊರೆಯುತ್ತದೆ. ಉಳಿದವರಿಗೆ ನಿಮ್ಮ ಅನುದಾನದಿಂದ ಅದೇ ದರದಲ್ಲಿ ಭತ್ಯೆ ಇಡಿ. ದಾನಿಗಳು ಆಕ್ಷೇಪಿಸಿದರೆ ಸರ್ಕಾರದ ಈ ಉದಾಹರಣೆಯನ್ನೇ ತೋರಿಸಿ.

ತರಬೇತಿಯ ಕಾಲವೂ ಮುಖ್ಯ. ಜನವರಿಯಿಂದ ಮೇವರೆಗೆ ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವ ಕೆಲಸ ಭರದಿಂದ ಇರುವಾಗ ಯಾರೂ ಬರುವುದಿಲ್ಲ. ಬಂದರೂ ಮನಸ್ಸು ಅಲ್ಲೇ ಇರುತ್ತದೆ. ಬಿತ್ತನೆ ಮತ್ತು ಮೊದಲ ಕಳೆ ಮುಗಿದ ಮೇಲೆ ಮಳೆಗಾಲದ ಎರಡು ತಿಂಗಳು ಸರಿಯಾದ ಸಮಯ. ಆದರೆ ಮಳೆಗಾಲದಲ್ಲಿ ಕಾಯಿ ಒಣಗುವುದಿಲ್ಲ, ಪುಡಿ ಗಂಟು ಕಟ್ಟುತ್ತದೆ. ಆದ್ದರಿಂದ ಲೆಕ್ಕ, ಮಾರಾಟ, ಕಾಗದಪತ್ರಗಳನ್ನು ಮಳೆಗಾಲದಲ್ಲೂ ಪುಡಿ ಮಾಡುವ ಕೈಕೆಲಸವನ್ನು ದೀಪಾವಳಿಯ ನಂತರವೂ ಕಲಿಸುವಂತೆ ಎರಡು ತುಂಡು ಮಾಡಿ.

ನಮ್ಮ ತರಬೇತಿಯಲ್ಲಿ ಪುಡಿ ಮಾಡುವುದನ್ನು ಹತ್ತು ಬಗೆಯಲ್ಲಿ ತೋರಿಸಿದರು, ಅದು ನಮಗೆ ಮೊದಲೇ ಗೊತ್ತಿತ್ತು. ಬ್ಯಾಡಗಿ ಕಾಯಿಯ ಬಣ್ಣ ಬಿಸಿಲಿಗೂ ಯಂತ್ರದ ಬಿಸಿಗೂ ಮಂಕಾಗುತ್ತದೆ, ಹೀಗಾಗಿ ಸ್ವಲ್ಪ ಸ್ವಲ್ಪವೇ ಹಾಕಿ ಬೀಸಬೇಕು, ಬೀಸಿದ ಪುಡಿಯನ್ನು ಹರವಿ ಆರಿಸಿಯೇ ಚೀಲಕ್ಕೆ ತುಂಬಬೇಕು ಎಂಬುದನ್ನು ನನಗೆ ಹೇಳಿಕೊಟ್ಟವರು ನಮ್ಮ ಅತ್ತೆ. ಯಾರೂ ಹೇಳಿಕೊಡದೆ ಉಳಿದದ್ದು ಉದ್ರಿಯ, ಅಂದರೆ ಕಡ ಕೊಡುವ ವಿಷಯ. ಕಿರಾಣಿ ಅಂಗಡಿಯವರು ಪುಡಿ ಪೊಟ್ಟಣ ಇಟ್ಟುಕೊಳ್ಳಲು ಒಪ್ಪುತ್ತಾರೆ, ಆದರೆ ಮಾರಾಟವಾದ ಮೇಲೆ ಹಣ ಎನ್ನುತ್ತಾರೆ. ಅವರಲ್ಲಿ ನಮ್ಮ ಹಣ ನಿಂತಿರುವಾಗ ಮುಂದಿನ ಕಾಯಿ ಖರೀದಿಗೆ ನಗದು ಬೇಕು, ಬ್ಯಾಂಕಿನ ಕಂತೂ ಅದೇ ತಿಂಗಳು ಬರುತ್ತದೆ. ವ್ಯಾಪಾರ ಲಾಭದಲ್ಲಿದ್ದರೂ ಕೈ ಬರಿದಾಗುವುದು ಹೀಗೆ. ಯಾವ ಅಂಗಡಿಗೆ ಎಷ್ಟು ದಿನದ ಉದ್ರಿ, ಎಷ್ಟು ಮೀರಿದರೆ ಮಾಲು ನಿಲ್ಲಿಸಬೇಕು, ಹಣ ಕೇಳುವಾಗ ಹೇಗೆ ಮಾತನಾಡಬೇಕು ಎಂಬುದನ್ನು ಒಂದು ಇಡೀ ದಿನ ಕಲಿಸಿದರೂ ಹೆಚ್ಚಲ್ಲ. ಕಲಿಸಲು ಹೊರಗಿನ ತರಬೇತುದಾರರು ಬೇಡ. ನಿಮ್ಮ ಊರಿನಲ್ಲೇ ಹತ್ತು ವರ್ಷ ಅಂಗಡಿ ನಡೆಸಿದ ಒಬ್ಬ ಹೆಣ್ಣುಮಗಳನ್ನು ಕರೆಸಿ, ಆಕೆಗೂ ಸಂಭಾವನೆ ಕೊಡಿ.

ಬಜೆಟ್ಟಿನಲ್ಲಿ ಚಿಕ್ಕ ಚಿಕ್ಕ ಖರ್ಚುಗಳಿಗೂ ಜಾಗ ಇರಲಿ. ಆಹಾರ ಸುರಕ್ಷತಾ ಪ್ರಾಧಿಕಾರದ ಮೂಲ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಮಾತ್ರ, ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ಆದರೂ ಎರಡಕ್ಕೂ ಸೇರಿ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿಕೊಂಡವರನ್ನು ನಾನು ಬಲ್ಲೆ. ಪುಡಿಯ ಪ್ರಯೋಗಾಲಯ ಪರೀಕ್ಷೆ, ಲೇಬಲ್ ಮುದ್ರಣ, ಮುದ್ರೆ ಹಾಕಿಸಿದ ತಕ್ಕಡಿ, ಮೊದಲ ಸಲದ ಪೊಟ್ಟಣಗಳು ಇವುಗಳಿಗೆ ತಲಾ ಒಂದಿಷ್ಟು ಹಣವಿದ್ದರೆ ಮೊದಲ ಮೂರು ತಿಂಗಳು ದಾಟಬಹುದು. ಸಂಘದ ಮೂಲಕ ಆಹಾರ ತಯಾರಿಸುವವರಿಗೆ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಾದ ಪಿಎಂಎಫ್‌ಎಂಇಯಲ್ಲಿ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನವಿದೆ. ಅದು ಸಂಘಗಳ ಒಕ್ಕೂಟದ ಮೂಲಕ ಸಾಲವಾಗಿ ಬರುತ್ತದೆ. ಇದಕ್ಕೂ ಅವಧಿ 2025-26ರವರೆಗೆ ಎಂದಿತ್ತು, ವಿಚಾರಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಇದನ್ನೆಲ್ಲ ನಮ್ಮ ಸಭೆಯಲ್ಲಿ ಓದಿದಾಗ ಒಬ್ಬ ಹಿರಿಯ ಟ್ರಸ್ಟಿಗಳು ಒಂದು ಆಕ್ಷೇಪ ಎತ್ತಿದರು. ದಾನಿಗಳಿಗೆ ಯಂತ್ರ ಕಣ್ಣಿಗೆ ಕಾಣುತ್ತದೆ. ಮನೆಮನೆಗೆ ಹೋಗುವ ಕಾರ್ಯಕರ್ತೆಯ ಸಂಬಳ ಮತ್ತು ಕಲಿಯುವವರ ಭತ್ಯೆಯಿಂದ ನಿಜಕ್ಕೂ ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಆಧಾರವೇನು ಎಂದು ಅವರು ಕೇಳುತ್ತಾರೆ. ಎಲ್ಲಿಯಾದರೂ ಇದನ್ನು ಅಳೆದು ನೋಡಿದ್ದಾರೆಯೇ?

ಉತ್ತರ 4
ಬರೆದವರು: ಅರ್ಥಶಾಸ್ತ್ರ ಅಧ್ಯಾಪಕ, ದಾವಣಗೆರೆ

ಅಳೆದಿದ್ದಾರೆ, ಮತ್ತು ಫಲಿತಾಂಶಗಳು ತರಬೇತಿ ಕೊಡುವವರಿಗೆ ಅಷ್ಟು ಹಿತವಾಗಿಲ್ಲ. ಸಾಮಾನ್ಯ ವ್ಯಾಪಾರ ತರಬೇತಿಯೊಂದರಿಂದಲೇ ಸಣ್ಣ ವ್ಯಾಪಾರಿಯ ಆದಾಯ ಏರುವುದು ಬಹಳ ಸ್ವಲ್ಪ. ಹೇಗೆ ಕಲಿಸುತ್ತೇವೆ, ಯಾರೊಂದಿಗೆ ಕಲಿಯುತ್ತಾರೆ ಎಂಬುದು ಬದಲಾದಾಗ ಮಾತ್ರ ಚಿತ್ರ ಬದಲಾಗಿದೆ.

ನಮ್ಮ ದೇಶದ ಉದಾಹರಣೆ ದುಡಿಯುವ ಮಹಿಳೆಯರ ಸಂಘಟನೆಯಾದ ಸೇವಾ ನಡೆಸುವ ಅಹಮದಾಬಾದಿನ ಸೇವಾ ಬ್ಯಾಂಕಿನದು. ಅಲ್ಲಿನ ಮಹಿಳಾ ಗ್ರಾಹಕರಿಗೆ ಎರಡು ದಿನಗಳ ವ್ಯಾಪಾರ ಸಲಹೆಯ ತರಬೇತಿ ನೀಡಿದಾಗ, ಕರೆ ಪಡೆದವರಲ್ಲಿ ಅರ್ಧದಷ್ಟು ಮಂದಿಗೆ ಜೊತೆಗೊಬ್ಬ ಗೆಳತಿಯನ್ನು ಕರೆತರಲು ಹೇಳಲಾಯಿತು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಗೆಳತಿಯೊಡನೆ ಬಂದವರೇ ಹೆಚ್ಚಾಗಿ ಸಾಲ ಪಡೆದು ಅದನ್ನು ವ್ಯಾಪಾರಕ್ಕೆ ಬಳಸಿದರು, ಅವರ ಮನೆಯ ಆದಾಯವೂ ಏರಿತು. ಹೆಣ್ಣುಮಕ್ಕಳ ಓಡಾಟಕ್ಕೆ ಹೆಚ್ಚು ಕಟ್ಟುಪಾಡಿರುವ ಸಮುದಾಯಗಳಲ್ಲಿ ಪರಿಣಾಮ ಇನ್ನೂ ಗಾಢವಾಗಿತ್ತು. ನಿಮಗೆ ಒಂದು ರೂಪಾಯಿಯ ಹೆಚ್ಚುವರಿ ಖರ್ಚಿಲ್ಲದ ಪಾಠವಿದು: ಪಟ್ಟಿಯನ್ನು ಒಬ್ಬೊಬ್ಬರಾಗಿ ಮಾಡದೆ ಜೋಡಿಯಾಗಿ ಮಾಡಿ.

ಡೊಮಿನಿಕನ್ ಗಣರಾಜ್ಯದಲ್ಲಿ ಸಣ್ಣ ವ್ಯಾಪಾರಿಗಳ ಒಂದು ಗುಂಪಿಗೆ ಶಾಸ್ತ್ರೀಯ ಲೆಕ್ಕಪತ್ರ ಕಲಿಸಿ, ಇನ್ನೊಂದಕ್ಕೆ ಮನೆಯ ಹಣ ಮತ್ತು ಅಂಗಡಿಯ ಹಣವನ್ನು ಬೇರೆ ಬೇರೆ ಇಡುವಂಥ ಸರಳ ರೂಢಿಗಳನ್ನಷ್ಟೇ ಕಲಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪ್ರಯೋಜನ ಕಂಡದ್ದು ಎರಡನೆಯ ಗುಂಪಿನಲ್ಲಿ. ಆಫ್ರಿಕಾದ ಟೋಗೊ ದೇಶದಲ್ಲಿ 1,500 ವ್ಯಾಪಾರಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾನೇ ಮುಂದಾಗಿ ಹೊಸದನ್ನು ಹುಡುಕುವ, ಅಡ್ಡಿ ಬಂದಾಗ ಪಟ್ಟು ಬಿಡದ ಮನೋಭಾವವನ್ನು ರೂಢಿಸುವ ತರಬೇತಿ ಪಡೆದವರ ಲಾಭ ಶೇಕಡಾ 30ರಷ್ಟು ಏರಿತು; ಮಾಮೂಲಿ ವ್ಯಾಪಾರ ತರಬೇತಿ ಪಡೆದವರಲ್ಲಿ ಕಂಡ ಏರಿಕೆ ಶೇಕಡಾ 11ರಷ್ಟಾದರೂ ಅದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಾಗಿರಲಿಲ್ಲ.

ಮನೆ ಭೇಟಿಯ ಬಗ್ಗೆ ನಿಮ್ಮ ಹಿರಿಯರಿಗೆ ತೋರಿಸಬೇಕಾದದ್ದು ಪಶ್ಚಿಮ ಬಂಗಾಳದ ಪ್ರಯೋಗ. ಅಲ್ಲಿ ಬಂಧನ್ ಸಂಸ್ಥೆ ಕಡುಬಡ ಮಹಿಳೆಯರಿಗೆ ಸಾಲದ ಬದಲು ಆಡು, ಹಸು ಅಥವಾ ಸಣ್ಣ ವ್ಯಾಪಾರದ ಸರಕನ್ನೇ ಕೊಟ್ಟು, ಆರಂಭದ ತಿಂಗಳುಗಳಲ್ಲಿ ಊಟದ ಖರ್ಚಿಗೆ ವಾರದ ಭತ್ಯೆ ನೀಡಿ, ಸುಮಾರು ಒಂದೂವರೆ ವರ್ಷ ವಾರವಾರವೂ ಕಾರ್ಯಕರ್ತರ ಭೇಟಿ ನಡೆಸಿತು. ಆ ಮಹಿಳೆಯರ ಸ್ಥಿತಿ ಹತ್ತು ವರ್ಷಗಳ ನಂತರವೂ ಇತರರಿಗಿಂತ ಉತ್ತಮವಾಗಿಯೇ ಇತ್ತು. ಬಿಹಾರ ಸರ್ಕಾರವು 2018ರಲ್ಲಿ ತನ್ನ ಜೀವನೋಪಾಯ ಸಂಸ್ಥೆ ಜೀವಿಕಾ ಮೂಲಕ ಆರಂಭಿಸಿದ ಸತತ ಜೀವಿಕೋಪಾರ್ಜನ ಯೋಜನೆಯು ಇದೇ ಕ್ರಮವನ್ನು ಅನುಸರಿಸಿದೆ. ವಸ್ತು, ಭತ್ಯೆ, ಭೇಟಿ ಮೂರೂ ಒಟ್ಟಿಗೆ ಇದ್ದುದರ ಫಲವಿದು ಎಂಬುದನ್ನು ಮಾತ್ರ ಮರೆಯಬಾರದು. ಭೇಟಿಯೊಂದರಿಂದಲೇ ಹೀಗಾಯಿತೆಂದು ದಾನಿಗಳಿಗೆ ಬರೆದರೆ ಅದು ಸರಿಯಾಗುವುದಿಲ್ಲ.

ಇಲ್ಲಿ ನಿವೃತ್ತ ಅಧಿಕಾರಿಗಳೊಡನೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ತೊಟ್ಟು ಬಿಡಿಸುವವರೆಲ್ಲರನ್ನೂ ಬ್ಯಾಂಕ್ ಸಾಲದ ದಾರಿಗೆ ತರಬಾರದು. ಗಂಡನಿಲ್ಲದ, ಕೈಸಾಲದಲ್ಲಿ ಮುಳುಗಿದ ಹೆಣ್ಣುಮಗಳಿಗೆ ಇನ್ನೊಂದು ಕಂತು ಹೊರಿಸುವುದಕ್ಕಿಂತ, ಹತ್ತು ಹದಿನೈದು ಸಾವಿರ ರೂಪಾಯಿಯ ಸರಕನ್ನು ಅನುದಾನದಿಂದಲೇ ಕೊಡುವುದು ಮೇಲು.

ಉತ್ತರ 5
ಬರೆದವರು: ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಅಧ್ಯಾಪಕರ ಮಾತಿಗೆ ಅರ್ಧ ಒಪ್ಪಿಗೆ. ಕಡುಬಡವರಿಗೆ ಸರಕು ಕೊಡುವುದು ಸರಿ. ಆದರೆ ಒಂದೇ ಓಣಿಯಲ್ಲಿ ಒಬ್ಬರಿಗೆ ಉಚಿತ, ಪಕ್ಕದವರಿಗೆ ಸಾಲ ಎಂದಾದರೆ ಸಾಲ ಪಡೆದವರು ಕಂತು ಕಟ್ಟುವುದನ್ನು ನಿಲ್ಲಿಸುತ್ತಾರೆ. ಸಂಘಗಳು ಒಡೆದದ್ದನ್ನು ಕಂಡಿದ್ದೇನೆ. ಹಾಗಾಗಿ ಯಾರಿಗೆ ಸರಕು, ಯಾರಿಗೆ ಸಾಲ ಎಂಬುದನ್ನು ಟ್ರಸ್ಟ್ ತಾನೇ ತೀರ್ಮಾನಿಸದೆ, ಸಂಘದ ಸಭೆಯಲ್ಲಿ ಮಹಿಳೆಯರೇ ಎಲ್ಲರೆದುರು ಹೆಸರು ಸೂಚಿಸಿ ನಡಾವಳಿ ಪುಸ್ತಕದಲ್ಲಿ ಬರೆಯಲಿ. ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲವೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಉಳಿದವರ ಸಾಲಕ್ಕೆ ಸಂಬಂಧಿಸಿದಂತೆ, ಕಿರು ಉದ್ಯಮಕ್ಕೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕಂತೂ ಬ್ಯಾಂಕ್ ಆಸ್ತಿ ಅಡಮಾನ ಕೇಳುವಂತಿಲ್ಲವೆಂಬ ರಿಸರ್ವ್ ಬ್ಯಾಂಕ್ ಸೂಚನೆಯನ್ನು ತಮ್ಮ ಕಾರ್ಯಕರ್ತೆಗೆ ಬಾಯಿಪಾಠ ಮಾಡಿಸಿ. ಶಾಖೆಯಲ್ಲಿ ಯಾರಾದರೂ ಹೊಲದ ಉತಾರ (ಪಹಣಿ) ತನ್ನಿ ಎಂದರೆ ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಲಿಖಿತವಾಗಿ ತಿಳಿಸಬಹುದು.

ಪ್ರಶ್ನೆ ಕೇಳಿದವರಿಂದ

ಅಂದಾಜು ಪಟ್ಟಿಯನ್ನು ಹೊಸದಾಗಿ ಬರೆಯುತ್ತಿದ್ದೇವೆ. ಸಭಾಂಗಣ, ಯಂತ್ರಗಳು ಮತ್ತು ಸಮಾರೋಪದ ಸಾಲುಗಳನ್ನು ಕೈಬಿಟ್ಟಿದ್ದೇವೆ. ಅವುಗಳ ಜಾಗದಲ್ಲಿ ಒಬ್ಬ ಕಾರ್ಯಕರ್ತೆಯ ಎರಡು ವರ್ಷದ ಸಂಬಳ ಮತ್ತು ಓಡಾಟದ ಖರ್ಚು, ತರಬೇತಿಯ ದಿನಗಳ ಭತ್ಯೆ, ಮಕ್ಕಳನ್ನು ನೋಡಿಕೊಳ್ಳುವ ಒಬ್ಬರ ಗೌರವಧನ, ಪರೀಕ್ಷೆ ಮತ್ತು ಲೇಬಲ್‌ಗಳಿಗೆ ಸಣ್ಣ ನಿಧಿ, ಸಂಘ ಸೂಚಿಸಿದವರಿಗೆ ಆರಂಭದ ಸರಕು ಇಷ್ಟು ಸೇರಿವೆ. ತರಬೇತಿಗೆ ಆರ್‌ಸೆಟಿಯವರನ್ನೇ ಕೇಳಿಕೊಳ್ಳುವುದೆಂದು ತೀರ್ಮಾನವಾಗಿದೆ. ಮಹಿಳೆಯರ ಪಟ್ಟಿಯನ್ನು ಪಂಚಾಯಿತಿ ಮತ್ತು ಪುರಸಭೆ ಎಂದು ಬೇರ್ಪಡಿಸಿ, ಜೋಡಿಗಳಾಗಿ ಬರೆದುಕೊಳ್ಳುತ್ತಿದ್ದೇವೆ. ಡಿಡಿಎಂ ಅವರ ಭೇಟಿಗೆ ಪತ್ರ ಕಳುಹಿಸಿದ್ದೇವೆ.

ರಾಣೆಬೆನ್ನೂರಿನ ಸಹೋದರಿಯವರಲ್ಲಿ ಒಂದು ಕೋರಿಕೆ. ತಾವು ಅಂಗಡಿಗಳ ಉದ್ರಿ ಬರೆದಿಡುವ ವಹಿಯ ಒಂದು ಪುಟವನ್ನು, ಅಂಗಡಿಗಳ ಹೆಸರು ಮರೆಮಾಡಿ, ಇಲ್ಲಿ ಹಂಚಿಕೊಂಡರೆ ಓದುಬರಹ ಕಡಿಮೆ ಇರುವವರಿಗೂ ತಿಳಿಯುವಂತೆ ಅದನ್ನೇ ಅಚ್ಚು ಹಾಕಿಸಿ ಹಂಚುವ ಯೋಚನೆ ಇದೆ. ಸಾಧ್ಯವಾದರೆ ತರಬೇತಿಯ ಆ ಒಂದು ದಿನಕ್ಕೆ ತಾವೇ ಬ್ಯಾಡಗಿಗೆ ಬರಬೇಕೆಂದೂ ಕೇಳಿಕೊಳ್ಳುತ್ತೇವೆ. ಸಂಭಾವನೆಯ ಸಾಲು ಪಟ್ಟಿಯಲ್ಲಿದೆ.